ಅಮೆರಿಕದಲ್ಲಿ ಕಾರಿಗೆ ರೇಡಾರ್ ಡಿಟೆಕ್ಟರ್: ಯಾವುದು ಕೊಳ್ಳಬೇಕು, ಎಲ್ಲಿ ಕೂರಿಸಬೇಕು?

ಪೊಲೀಸರು ವಾಹನಗಳ ವೇಗ ಅಳೆಯಲು ಬಿಡುವ ರೇಡಾರ್ ಅಲೆಗಳನ್ನು ಹಿಡಿದು ನಿಮ್ಮನ್ನು ಎಚ್ಚರಿಸುವ ಸಾಧನವೇ ರೇಡಾರ್ ಡಿಟೆಕ್ಟರ್. ಮೊದಲು ನಿಮ್ಮ ರಾಜ್ಯದ ಕಾನೂನು ನೋಡಿಕೊಳ್ಳಿ. ಸ್ವಂತ ಕಾರಾದರೆ ಹೆಚ್ಚಿನ ಕಡೆ ತೊಂದರೆಯಿಲ್ಲ. ಆದರೆ ವರ್ಜೀನಿಯಾ, ವಾಷಿಂಗ್ಟನ್ ಡಿ.ಸಿ.ಯಲ್ಲಿ ನಿಷೇಧ. ಕ್ಯಾಲಿಫೋರ್ನಿಯಾ, ಮಿನೆಸೋಟಾದಲ್ಲಿ ಇಟ್ಟುಕೊಳ್ಳಬಹುದು, ಮುಂದಿನ ಗಾಜಿಗೆ ಅಂಟಿಸುವಂತಿಲ್ಲ.

ಕೊಳ್ಳುವಾಗ ರೇಂಜ್, ಅಂದರೆ ಎಷ್ಟು ದೂರದಿಂದ ಸಿಗ್ನಲ್ ಹಿಡಿಯುತ್ತದೆ ಎಂಬುದೊಂದನ್ನೇ ನೋಡಬೇಡಿ. ವೇಗ ಅಳೆಯುವ ಪೊಲೀಸರ ರೇಡಾರ್ ಗನ್‌ಗಳು ಈಗ ಹೆಚ್ಚಾಗಿ ಕೆಎ (Ka) ಎಂಬ ತರಂಗಾಂತರ ಬ್ಯಾಂಡ್‌ನಲ್ಲಿವೆ, ಅಂದರೆ 33.4ರಿಂದ 36 ಗಿಗಾಹರ್ಟ್ಸ್. ಕೆ ಬ್ಯಾಂಡ್ ಮಾತ್ರ ಸಂತೆ ಇದ್ದ ಹಾಗೆ. 24 ಗಿಗಾಹರ್ಟ್ಸ್ ಸುತ್ತಮುತ್ತ ಪೊಲೀಸರ ಜೊತೆಗೆ ಪಕ್ಕದ ಕಾರಿನ ಬ್ಲೈಂಡ್ ಸ್ಪಾಟ್ ಸೆನ್ಸರ್, ಅಂಗಡಿಯ ಆಟೊಮ್ಯಾಟಿಕ್ ಬಾಗಿಲು ಎಲ್ಲವೂ ಇರುತ್ತವೆ. ಅಗ್ಗದ ಡಿಟೆಕ್ಟರ್ ಸುಮ್ನೆ ಕಿರುಚುತ್ತಲೇ ಇರುತ್ತದೆ, ಎರಡೇ ದಿನಕ್ಕೆ ನೀವೇ ಆಫ್ ಮಾಡುತ್ತೀರಿ! ಜಿಪಿಎಸ್ ಇರುವ ಒಳ್ಳೆಯ ಮಾಡೆಲ್ ಅಂಥ ಬಾಗಿಲಿನ ಜಾಗಗಳನ್ನು ನೆನಪಿಟ್ಟುಕೊಂಡು ಬಾಯಿ ಮುಚ್ಚಿಕೊಂಡಿರುತ್ತದೆ. ದುಡ್ಡು ಜಾಸ್ತಿ ಹಾಕುವುದಾದರೆ ಇದಕ್ಕೇ ಹಾಕಿ.

ಕೂರಿಸಲು ಒಳಗಿನ ಕನ್ನಡಿಯ ಪಕ್ಕ ಅಥವಾ ಕೆಳಗೆ ಒಳ್ಳೆಯ ಜಾಗ. ರಸ್ತೆಗೆ ಮಟ್ಟಸವಾಗಿರಲಿ, ನಿಮ್ಮ ನೋಟಕ್ಕೆ ಅಡ್ಡ ಬರಬಾರದು. ವೈಪರ್ ಹಿಂದೆ, ಲೋಹದ ಲೇಪವಿರುವ ಟಿಂಟ್ ಹಿಂದೆ ಇಟ್ಟರೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ವೈರ್ ಎಳೆಯುವಾಗ ಏರ್‌ಬ್ಯಾಗ್ ದಾರಿ ತಪ್ಪಿಸಿ.

ರೇಡಾರ್ ಬದಲು ಬೆಳಕಿನ ಕಿರಣದಿಂದ ವೇಗ ಅಳೆಯುವ ಲೇಸರ್ ಗನ್ ಎದುರು ಹೆಚ್ಚಿನ ಆಸೆ ಬೇಡ. ಡಿಟೆಕ್ಟರ್ ಕೂಗುವಷ್ಟರಲ್ಲಿ ನಿಮ್ಮ ವೇಗ ಪೊಲೀಸರಿಗೆ ಗೊತ್ತಾಗಿರುತ್ತದೆ.