ತಾಮ್ರ ಕದ್ದವನಿಗೆ ಹತ್ತು ವರ್ಷ ಕೊಟ್ಟರೆ ಖರ್ಚು ಯಾರದು?

ಶಿರಸಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬರೆದಿದ್ದಾರೆ: "ಏಪ್ರಿಲ್ ಬಿಸಿಲಲ್ಲಿ ನಮ್ಮ ತೋಟದ ಪಂಪ್‌ಸೆಟ್ ಕೇಬಲನ್ನು ಎರಡನೇ ಸಲ ಕತ್ತರಿಸಿಕೊಂಡು ಹೋದರು. ಕಳ್ಳನಿಗೆ ಗುಜರಿಯಲ್ಲಿ ಸಿಕ್ಕಿದ್ದು ಸಾವಿರವೋ ಎರಡು ಸಾವಿರವೋ. ನನಗೆ ಹೊಸ ಕೇಬಲ್ ಖರ್ಚು, ಮೇಲೆ ಒಣಗಿದ ಸಸಿಗಳು. ಇಂಥವರಿಗೆ ಕನಿಷ್ಠ ಹತ್ತು ವರ್ಷ ಜೈಲು ಆಗಬೇಕು, ಜಾಮೀನೂ ಸಿಗಬಾರದು. ನಿಮ್ಮ ಪತ್ರಿಕೆ ಯಾಕೆ ಸುಮ್ಮನಿದೆ?"

ನಮಸ್ಕಾರ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಘಟ್ಟದ ಕೆಳಗೂ ಇದೇ ಪಾಡು. ಕಿಂಡಿ ಅಣೆಕಟ್ಟಿನ ಕಬ್ಬಿಣದ ಹಲಗೆ ಹೋದರೆ ಉಪ್ಪುನೀರು ಗದ್ದೆಗೆ ನುಗ್ಗುತ್ತದೆ. ಕಳ್ಳನಿಗೆ ಅದು ಕೆ.ಜಿ. ಲೆಕ್ಕ, ರೈತನಿಗೆ ವರ್ಷದ ಬೆಳೆ.

ಆದರೆ ಹತ್ತು ವರ್ಷದ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಕಳ್ಳನ ಮೇಲಿನ ಕರುಣೆಯಿಂದ ಅಲ್ಲ, ಖರ್ಚಿನ ಲೆಕ್ಕದಿಂದ.

ಈಗಿನ ಕಾನೂನು ಹಲ್ಲಿಲ್ಲದ್ದೇನಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಾಮಾನ್ಯ ಕಳ್ಳತನಕ್ಕೆ 3 ವರ್ಷದವರೆಗೆ ಶಿಕ್ಷೆ ಇದೆ. ಮತ್ತೆ ಅದೇ ತಪ್ಪಿಗೆ ಶಿಕ್ಷೆಯಾದರೆ 1ರಿಂದ 5 ವರ್ಷ. ಸರ್ಕಾರದ್ದೋ ಪಂಚಾಯ್ತಿಯದ್ದೋ ಸೊತ್ತಾದರೆ 7 ವರ್ಷದವರೆಗೆ. ಕರೆಂಟು ಕೊಡುವ ಕಂಪನಿ ಹೆಸ್ಕಾಂನ ತಂತಿಗೆ ಕೈ ಹಾಕಿದವನಿಗೆ 2003ರ ವಿದ್ಯುತ್ ಕಾಯ್ದೆ ಬೇರೆಯೇ ಇದೆ.

ಇದನ್ನು ಹತ್ತಕ್ಕೆ ಏರಿಸಿದರೆ ಏನಾಗುತ್ತದೆ? ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ಕೊಡಬಹುದಾದ ಜೈಲು ಶಿಕ್ಷೆ 3 ವರ್ಷ, ಮುಖ್ಯ ಮ್ಯಾಜಿಸ್ಟ್ರೇಟರದ್ದು 7 ವರ್ಷ. ಹಾಗಾಗಿ ನಿಮ್ಮ ಕೇಬಲ್ ಕೇಸು ಸೆಷನ್ಸ್ ಕೋರ್ಟಿಗೆ ಹೋಗಿ ಕೊಲೆ ಕೇಸುಗಳ ಸಾಲಿನಲ್ಲಿ ನಿಲ್ಲಬೇಕು. ಆರೋಪಪಟ್ಟಿ ಹಾಕಲು ಪೊಲೀಸರಿಗೆ 60 ದಿನದ ಬದಲು 90 ದಿನ ಸಿಗುತ್ತದೆ. ಅಷ್ಟು ದಿನವೂ ಆರೋಪಿ ಒಳಗೆ. ತಪ್ಪೊಪ್ಪಿಕೊಂಡು ಕಡಿಮೆ ಶಿಕ್ಷೆಗೆ ಚೌಕಾಸಿ ಮಾಡುವ ದಾರಿ ಇರುವುದು 7 ವರ್ಷದವರೆಗಿನ ಅಪರಾಧಗಳಿಗೆ ಮಾತ್ರ, ಅದೂ ಮುಚ್ಚಿತು. ಹತ್ತು ವರ್ಷ ಎದುರಿಗಿದ್ದರೆ ಯಾರು ತಾನೇ ಸುಮ್ನೆ ಒಪ್ಪಿಕೊಳ್ಳುತ್ತಾರೆ? ಪ್ರತಿ ಕೇಸೂ ಕೊನೆಯ ಸಾಕ್ಷಿಯವರೆಗೆ ಎಳೆಯುತ್ತದೆ. ಆರೋಪಿ ಬಡವನಾದರೆ ವಕೀಲರನ್ನು ಕೊಡುವುದೂ ಸರ್ಕಾರವೇ.

ಇನ್ನೊಂದು ಲೆಕ್ಕ ನೋಡಿ. ಮೊದಲ ಸಲ ಸಿಕ್ಕಿಬಿದ್ದವನು, ಬೇರೆ ಕೇಸಿಲ್ಲದವನು, ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ವಿಚಾರಣಾಧೀನ ಕೈದಿಯಾಗಿಯೇ ಕಳೆದರೆ ಅವನನ್ನು ಬಿಡಬೇಕು ಎನ್ನುತ್ತದೆ ಹೊಸ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಕ್ರಿಮಿನಲ್ ಕೇಸು ನಡೆಸುವ ಕ್ರಮ ಹೇಳುವ ಕಾನೂನು. 3 ವರ್ಷದ ಅಪರಾಧಕ್ಕೆ ಅದು 1 ವರ್ಷ. ಹತ್ತು ವರ್ಷದ್ದಕ್ಕೆ 3 ವರ್ಷ 4 ತಿಂಗಳು! ತೀರ್ಪೇ ಬಂದಿಲ್ಲ, ಅವನು ಕದ್ದನೋ ಇಲ್ಲವೋ ಗೊತ್ತಿಲ್ಲ, ಅಷ್ಟು ದಿನದ ಊಟ, ಔಷಧಿ, ಕಾವಲು ನಮ್ಮ ತೆರಿಗೆಯಲ್ಲಿ. ಕಾರವಾರದ ಜೈಲಿನಿಂದ ಶಿರಸಿಯ ಕೋರ್ಟಿಗೆ ಕರೆತರುವುದೆಂದರೆ ನೂರು ಕಿಲೋಮೀಟರ್ ದಾಟಿದ ಘಟ್ಟದ ದಾರಿ, ಬೆಂಗಾವಲಿಗೆ ಪೊಲೀಸರು, ಅವರ ಒಂದು ದಿನ. ಆ ದಿನ ನಿಮ್ಮೂರಿನ ರಾತ್ರಿ ಬೀಟಿಗೆ ಜನ ಕಡಿಮೆ. ದೇಶದ ಜೈಲುಗಳಲ್ಲಿ ಈಗಲೇ ನಾಲ್ವರಲ್ಲಿ ಮೂವರು ವಿಚಾರಣಾಧೀನರು.

ಇಷ್ಟೆಲ್ಲ ಮಾಡಿದರೆ ಕಳ್ಳ ಹೆದರುತ್ತಾನಾ? ಸಿಕ್ಕಿಬೀಳುತ್ತೇನೆ ಅಂತ ಅನಿಸಿದರೆ ತಾನೇ ಹೆದರುವುದು. ಪ್ಲಾಸ್ಟಿಕ್ ಸುಟ್ಟು ತೆಗೆದ ತಾಮ್ರ ನಿಮ್ಮ ತೋಟದ್ದೋ ಪಕ್ಕದ ತೋಟದ್ದೋ, ಯಾವ ಕೋರ್ಟಿನಲ್ಲಿ ಹೇಗೆ ಹೇಳುತ್ತೀರಿ? ನಮ್ಮ ಜಿಲ್ಲೆಯವರಿಗೆ ಬೇಲೆಕೇರಿ ಬಂದರು ನೆನಪಿರಬೇಕು. 2010ರಲ್ಲಿ ಅಲ್ಲಿ ಜಪ್ತಿ ಮಾಡಿಟ್ಟಿದ್ದ ಲಕ್ಷಗಟ್ಟಲೆ ಟನ್ ಕಬ್ಬಿಣದ ಅದಿರು ಬಂದರಿನಿಂದಲೇ ಮಾಯವಾಯಿತು. ವಿಶೇಷ ನ್ಯಾಯಾಲಯದ ತೀರ್ಪು ಬಂದದ್ದು 2024ರ ಅಕ್ಟೋಬರಿನಲ್ಲಿ. ಹಡಗು ತುಂಬಿಸಿದ ಕಬ್ಬಿಣಕ್ಕೇ ಹದಿನಾಲ್ಕು ವರ್ಷ ಹಿಡಿಯಿತು, ನಿಮ್ಮ ಇಪ್ಪತ್ತು ಮೀಟರ್ ಕೇಬಲಿಗೆ?

ನನ್ನದೇ ಒಂದು ಕತೆ ಹೇಳುತ್ತೇನೆ. ನಮ್ಮ ಹಳೆಯ ಪ್ರೆಸ್ಸಿನ ಸೀಸದ ಅಚ್ಚುಮೊಳೆಗಳನ್ನು ಗುಜರಿಗೆ ಹಾಕಿದ ದಿನ ಹೊಟ್ಟೆ ಉರಿದಿತ್ತು. ಅಂಗಡಿಯವರು ತೂಕ ಹಾಕಿದರು, ನೋಟು ಎಣಿಸಿ ಕೊಟ್ಟರು. ಹೆಸರು ಕೇಳಲಿಲ್ಲ, ಎಲ್ಲಿಂದ ತಂದಿರಿ ಅಂತಲೂ ಕೇಳಲಿಲ್ಲ. ಅದೇ ಮೊಳೆಗಳನ್ನು ನಾನು ಕದ್ದು ತಂದಿದ್ದರೂ ಅಷ್ಟೇ ದುಡ್ಡು ಸಿಗುತ್ತಿತ್ತು, ಅಲ್ವಾ?

ಕೈ ಹಾಕಬೇಕಾದ್ದು ಅಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2012ರ ಡಿಸೆಂಬರಿನಿಂದ ಗುಜರಿ ಲೋಹಕ್ಕೆ ನಗದು ಕೊಡುವುದನ್ನೇ ನಿಲ್ಲಿಸಿದರು. ಮರುವರ್ಷ ಲೈಸೆನ್ಸು, ಮಾರುವವರ ಗುರುತಿನ ಚೀಟಿ, ದಾಖಲೆ ಎಲ್ಲ ಕಡ್ಡಾಯವಾಯಿತು. ಲೋಹದ ಕಳ್ಳತನ ಇಳಿಯಿತು. ಆ ವರ್ಷಗಳಲ್ಲಿ ತಾಮ್ರದ ರೇಟೂ ಇಳಿದಿತ್ತು, ಹಾಗಾಗಿ ಪೂರ್ತಿ ಶಾಭಾಸ್‌ಗಿರಿ ಕಾನೂನಿಗೇ ಕೊಡಲಾರೆ. ಆದರೂ ಒಂದು ರಿಜಿಸ್ಟರಿನ ಖರ್ಚೆಷ್ಟು? ಕಾರವಾರದ ಮೀನು ಮಾರುಕಟ್ಟೆಯಲ್ಲಿ ಬಂಗಡೆಗೂ ಫೋನಿನಲ್ಲೇ ದುಡ್ಡು ಕೊಡುತ್ತೇವೆ. ತಾಮ್ರಕ್ಕೆ ಯಾಕಾಗಬಾರದು?

ಆದರೆ ಗುಜರಿಯವರೆಲ್ಲ ಕಳ್ಳರ ಜೊತೆಗಾರರು ಎಂದು ನಾನು ಹೇಳುತ್ತಿಲ್ಲ. ಮನೆಮನೆ ತಿರುಗಿ ಡಬ್ಬ, ಪೇಪರ್ ಒಯ್ಯುವವರು ಇಲ್ಲದಿದ್ದರೆ ನಮ್ಮ ಊರುಗಳ ಕಸದ ಗತಿ ಏನು? ರಿಜಿಸ್ಟರು ಅಂಗಡಿಗೆ ಇರಲಿ, ಸೈಕಲ್ಲಿನವರ ಮೇಲೆ ಬೇಡ. ಅದು ಮಾಮೂಲಿ ವಸೂಲಿಯ ಪುಸ್ತಕವೂ ಆಗಬಾರದು.

ಗೊತ್ತಿದ್ದೂ ಕದ್ದ ಮಾಲು ಕೊಂಡವರಿಗೆ 3 ವರ್ಷದವರೆಗೆ ಶಿಕ್ಷೆ ಈಗಲೇ ಇದೆ. ಅಂಗಡಿಗೆ ಪರವಾನಗಿ ಕೊಡುವುದು ನಿಮ್ಮ ಪಂಚಾಯ್ತಿ ಅಥವಾ ನಗರಸಭೆ. ಮುಂದಿನ ಗ್ರಾಮಸಭೆಯಲ್ಲಿ ಈ ರಿಜಿಸ್ಟರಿನ ಮಾತು ಎತ್ತಿ. ಹೊಸ ಕೇಬಲ್ ತಂದಾಗ ಬಿಲ್ ಜೋಪಾನ ಮಾಡಿ, ಅಲ್ಲಲ್ಲಿ ಪೇಂಟಿನ ಗುರುತು ಹಾಕಿ ಫೋಟೋ ತೆಗೆದಿಟ್ಟುಕೊಳ್ಳಿ. ಸುಡುವ ಮೊದಲೇ ಸಿಕ್ಕರೆ ಠಾಣೆಯಲ್ಲಿ ತೋರಿಸಲು ಏನಾದರೂ ಇರುತ್ತದೆ.