ಲೈಬ್ರರಿ ಪಾಸ್‌ವರ್ಡ್ ಗೆಳತಿಗೆ ಕೊಡಬಹುದಾ?

ಪ್ರಶ್ನೆ: ನಾನು ಪಿಎಚ್‌ಡಿ ಮಾಡ್ತಿದೀನಿ. ಯೂನಿವರ್ಸಿಟಿ ಲೈಬ್ರರಿಯ ರಿಮೋಟ್ ಲಾಗಿನ್ ಇರೋದ್ರಿಂದ ಮನೇಲೇ ಕೂತು ಜರ್ನಲ್ ಓದ್ತೀನಿ. ನನ್ನ ಜೊತೆ ಎಂಎಸ್ಸಿ ಮಾಡಿದ ಗೆಳತಿ ಈಗ ಸರ್ಕಾರಿ ಡಿಗ್ರಿ ಕಾಲೇಜಲ್ಲಿ ಗೆಸ್ಟ್ ಲೆಕ್ಚರರ್, ನಿನ್ನ ಪಾಸ್‌ವರ್ಡ್ ಕೊಡೇ ಅಂತಿದಾಳೆ. ಇನ್ನೊಂದು, ಕೋರ್ಸ್ ಮುಗಿದ್ರೆ ಲಾಗಿನ್ ಹೋಗುತ್ತಲ್ಲ, ಅಷ್ಟರೊಳಗೆ ಒಂದು ಜರ್ನಲ್‌ನ ಹಳೇ ಸಂಚಿಕೆ ಪೂರ್ತಿ ಸಾಫ್ಟ್‌ವೇರ್ ಹಾಕಿ ಇಳಿಸಿಟ್ಕೊಂಡ್ರೆ ತಪ್ಪಾ?
– ಸಂಶೋಧನಾ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಎರಡೂ ಬೇಡಮ್ಮ. ಮೊದಲು ಸಾಫ್ಟ್‌ವೇರ್ ವಿಷ್ಯ ಹೇಳ್ತೀನಿ, ದೊಡ್ಡ ಪೆಟ್ಟು ಬೀಳೋದು ಅಲ್ಲೇ. ನೀನು ಮನೆಯಿಂದ ಪ್ರಾಕ್ಸಿ (ಯೂನಿವರ್ಸಿಟಿಯ ಮಧ್ಯವರ್ತಿ ಸರ್ವರ್) ಮೂಲಕ ಲಾಗಿನ್ ಆದಾಗ ಪ್ರಕಾಶಕರ ಸರ್ವರ್‌ಗೆ ಕಾಣೋದು ನಿನ್ನ ಹೆಸರಲ್ಲ, ಯೂನಿವರ್ಸಿಟಿಯ ಐಪಿ ಅಡ್ರೆಸ್, ಅಂದ್ರೆ ಇಂಟರ್ನೆಟ್ ವಿಳಾಸ. ಅಲ್ಲಿಂದ ಹತ್ತು ನಿಮಿಷಕ್ಕೆ ನೂರಾರು ಪಿಡಿಎಫ್ ಇಳೀತಿದ್ರೆ ಇದು ಮನುಷ್ಯರು ಓದೋ ಸ್ಪೀಡಲ್ಲ ಅಂತ ಅವರ ಸಿಸ್ಟಮ್ ಆ ಅಡ್ರೆಸ್ಸನ್ನೇ ಬ್ಲಾಕ್ ಮಾಡಿಬಿಡುತ್ತೆ, ಆಗ ಪಕ್ಕದ ಡಿಪಾರ್ಟ್‌ಮೆಂಟಲ್ಲಿ ಮುಂದಿನ ವಾರ ಥೀಸಿಸ್ ಸಬ್ಮಿಟ್ ಮಾಡ್ಬೇಕಾದವರಿಗೂ ಒಂದು ಪೇಜ್ ಓಪನ್ ಆಗಲ್ಲ. 2010ರಲ್ಲಿ ಏರನ್ ಸ್ವಾರ್ಟ್ಜ್ ಅನ್ನೋ ಪ್ರೋಗ್ರಾಮರ್ ಅಮೆರಿಕದ ಎಂಐಟಿ ಯೂನಿವರ್ಸಿಟಿಯ ನೆಟ್‌ವರ್ಕಿಂದ ಜೆಸ್ಟೋರ್ ಅನ್ನೋ ಆನ್‌ಲೈನ್ ಜರ್ನಲ್ ಸಂಗ್ರಹದ ಲೇಖನಗಳನ್ನ ಸ್ಕ್ರಿಪ್ಟ್ (ತಾನೇ ಇಳಿಸೋ ಚಿಕ್ಕ ಪ್ರೋಗ್ರಾಮ್) ಬರೆದು ಲಕ್ಷಗಟ್ಟಲೆ ಇಳಿಸ್ಕೊಂಡಾಗ ಆಗಿದ್ದೂ ಇದೇ, ಇಡೀ ಎಂಐಟಿಗೇ ಕೆಲವು ದಿನ ಜೆಸ್ಟೋರ್ ಬಂದ್. ಆಮೇಲೆ ಆ ಹುಡುಗನ ಮೇಲೆ ಹಾಕಿದ ಕ್ರಿಮಿನಲ್ ಕೇಸು ತೀರಾ ಅತಿಯಾಯ್ತು ಅಂತ್ಲೇ ನನ್ನ ಅಭಿಪ್ರಾಯ. ಆದ್ರೆ ಏನೂ ತಪ್ಪು ಮಾಡದೆ ಓದೋಕೆ ಸಿಗದೇ ಕೂತವರ ಕಷ್ಟವೂ ಸಣ್ಣದಲ್ಲ.

ನಿನ್ನ ಟಾಪಿಕ್‌ಗೆ ಬೇಕಾದ ಲೇಖನಗಳನ್ನ ಓದ್ತಾ ಓದ್ತಾ ಒಂದೊಂದೇ ಇಳಿಸ್ಕೊ, ಅದಕ್ಕೆ ಯಾರ ತಕರಾರೂ ಇಲ್ಲ. ನಿಜವಾಗ್ಲೂ ಸಾವಿರಾರು ಲೇಖನದ ಡೇಟಾ ಬೇಕಿದ್ರೆ ಲೈಬ್ರರಿಯನ್‌ಗೆ ಮೊದಲೇ ಹೇಳು, ಕೆಲವು ಪ್ರಕಾಶಕರು ಅದಕ್ಕೆ ಬೇರೆ ದಾರಿನೇ ಇಟ್ಟಿದಾರೆ.

ಇನ್ನು ಪಾಸ್‌ವರ್ಡ್. ಜರ್ನಲ್ ಓದೋ ಲೈಸೆನ್ಸ್ ಇರೋದು ಈಗ ನಿನ್ನ ಯೂನಿವರ್ಸಿಟಿಲಿ ಓದೋರಿಗೆ, ಕೆಲಸ ಮಾಡೋರಿಗೆ ಮಾತ್ರ. ನಿನ್ನ ಗೆಳತಿ ಏನೇ ಮಾಡಿದ್ರೂ ಲಾಗ್‌ನಲ್ಲಿ (ಬಳಕೆಯ ದಾಖಲೆಯಲ್ಲಿ) ಕೂರೋದು ನಿನ್ನ ಐಡಿ, ಬಂದ್ ಆಗೋದೂ ನಿನ್ನ ಅಕೌಂಟೇ. ಅಷ್ಟಕ್ಕೂ ಅವಳು ನಿನ್ನನ್ನ ಕೇಳೋ ಅಗತ್ಯನೇ ಇಲ್ದೇ ಇರಬಹುದು! 2025ರ ಜನವರಿಯಿಂದ ಕೇಂದ್ರ ಸರ್ಕಾರದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಶುರುವಾಗಿದೆ, ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ಜರ್ನಲ್ ಸಿಗೋ ಯೋಜನೆ ಅದು. ಎಷ್ಟೋ ಕಾಲೇಜಲ್ಲಿ ಮೇಷ್ಟ್ರುಗಳಿಗೇ ಇದು ಗೊತ್ತಿಲ್ಲ ಅನ್ನೋದು ಬೇಜಾರಿನ ವಿಷ್ಯ. ಅವಳ ಕಾಲೇಜು ಅದ್ರಲ್ಲಿ ರಿಜಿಸ್ಟರ್ ಆಗಿದೆಯಾ ಅಂತ ಅಲ್ಲಿನ ಲೈಬ್ರರಿಯನ್‌ನ ಕೇಳೋಕೆ ಹೇಳು, ಆಗಿಲ್ದಿದ್ರೆ ಪ್ರಿನ್ಸಿಪಾಲ್‌ಗೆ ಒಂದು ಅರ್ಜಿ ಕೊಡ್ಲಿ. ಅಲ್ಲೀವರೆಗೆ ಥೀಸಿಸ್ ಬೇಕಾದ್ರೆ ಶೋಧಗಂಗಾ ಅನ್ನೋ ಭಾರತೀಯ ಥೀಸಿಸ್‌ಗಳ ವೆಬ್‌ಸೈಟ್ ಎಲ್ರಿಗೂ ಫ್ರೀ ಇದೆ, ಲೇಖನ ಬೇಕಾದ್ರೆ ಬರೆದವರಿಗೇ ಒಂದು ಇಮೇಲ್ ಹಾಕಿದ್ರೆ ಎಷ್ಟೋ ಜನ ಕಾಪಿ ಕಳಿಸ್ತಾರೆ.