ಬೇಲೂರಿಗೆ ಮುಕ್ಕಾಲು ಗಂಟೆ ಸಾಕೇ?

ಬೆಂಗಳೂರಿನ ನಿವೃತ್ತ ಮೇಷ್ಟ್ರೊಬ್ಬರು ಮೂರು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು. ಮೊಮ್ಮಕ್ಕಳಿಗೆ ಹೊಯ್ಸಳ ಶಿಲ್ಪ ತೋರಿಸೋಣ ಅಂತ ಟೆಂಪೋ ಟ್ರಾವೆಲರ್ ಮಾಡಿಕೊಂಡು ಬೆಳಗಿನ ಜಾವ ಐದಕ್ಕೆ ಹೊರಟರು. ಒಂದೇ ದಿನದಲ್ಲಿ ಶ್ರವಣಬೆಳಗೊಳ, ಹಳೇಬೀಡು, ಬೇಲೂರು. ದಾರಿಯ ಹೋಟೆಲಿನ ಶೌಚಾಲಯ ಸರಿಯಿರಲಿಲ್ಲ. ಬಿಸಿಲಿಗೆ ಕಲ್ಲುಹಾಸು ಕಾದು ಕಾಲು ಸುಟ್ಟಿತು. ಕೊನೆಯಲ್ಲಿ ಬೇಲೂರಿಗೆ ಉಳಿದಿದ್ದು ಮುಕ್ಕಾಲು ಗಂಟೆ. ಮಕ್ಕಳು "ಎಲ್ಲಾ ಕಡೆ ಒಂದೇ ಥರ ಇದೆ ತಾತ" ಅಂದುಬಿಟ್ಟವು. "ಒಂದು ಒಳ್ಳೆಯ ಧ್ವನಿ-ಬೆಳಕು ಕಾರ್ಯಕ್ರಮ ಇಟ್ಟಿದ್ದರೆ ಅರ್ಧ ಗಂಟೆಯಲ್ಲಿ ಎಲ್ಲ ತಿಳಿಯುತ್ತಿತ್ತು. ನಿಮ್ಮ ಪತ್ರಿಕೆ ಇದಕ್ಕೆ ಒತ್ತಾಯ ಮಾಡಬೇಕು" ಅನ್ನುವುದು ಅವರ ಬೇಡಿಕೆ.

ಮೇಷ್ಟ್ರೇ, ಶೌಚಾಲಯದ ವಿಷಯದಲ್ಲಿ ನಿಮ್ಮ ಮಾತಿಗೆ ಎದುರಾಡುವುದಿಲ್ಲ. ವಯಸ್ಸಾದವರು, ಹೆಣ್ಣುಮಕ್ಕಳು ದೂರ ಪ್ರಯಾಣ ಅಂದರೆ ನೀರು ಕುಡಿಯೋದನ್ನೇ ಬಿಡುತ್ತಾರೆ. ಇದು ಆಗಲೇಬೇಕಾದ ಕೆಲಸ. ಕುಡಿಯುವ ನೀರು, ನೆರಳು, ಕೂರಲು ಜಾಗ, ಇವೂ ಬೇಕು. ಆಯ್ತು.

ಈಗ ನನ್ನ ಮಾತು ಕೇಳಿ. ಬೆಂಗಳೂರಿಂದ ಹೊರಟು ಈ ಮೂರೂ ಊರು ಮುಟ್ಟಿ ವಾಪಸ್ ಬರಲು 450 ಕಿ.ಮೀ.ಗೂ ಜಾಸ್ತಿ ಆಗುತ್ತದೆ. ಶ್ರವಣಬೆಳಗೊಳದ ಗೊಮ್ಮಟನಿರುವ ವಿಂಧ್ಯಗಿರಿ ಬೆಟ್ಟಕ್ಕೆ 600ಕ್ಕೂ ಹೆಚ್ಚು ಮೆಟ್ಟಿಲು. ಹತ್ತಿ ಇಳಿದ ಮೇಲೆ ಮಕ್ಕಳ ಕಾಲಲ್ಲಿ ಏನು ಉಳಿದಿರುತ್ತದೆ? ಊಟ, ಕಾಫಿ, ಟ್ರಾಫಿಕ್ಕು ಎಲ್ಲ ಕಳೆದರೆ ದಿನದ ಬಹುಪಾಲು ನೀವು ನೋಡಿದ್ದು ಮುಂದಿನ ಸೀಟಿನ ಬೆನ್ನು. ಇದರಲ್ಲಿ ಬೇಲೂರಿನ ಗುಡಿ ಕಟ್ಟಿಸಿದ ಹೊಯ್ಸಳ ರಾಜ ವಿಷ್ಣುವರ್ಧನನ ತಪ್ಪೇನೂ ಇಲ್ಲ.

"ಒಂದೇ ಥರ" ಅಂದ ಮಕ್ಕಳನ್ನು ನಾನು ಬೈಯುವುದಿಲ್ಲ. ಓಡುತ್ತಾ ನೋಡಿದರೆ ಎಲ್ಲವೂ ಒಂದೇ ಥರ. ಆದರೆ ನೀವು ನಲವತ್ತು ಮಕ್ಕಳ ಕೈಬರಹ ನೋಡಿಯೇ ಹೆಸರು ಹೇಳುತ್ತಿದ್ದವರಲ್ವಾ? ಬೆಳಗೊಳದ ಗೊಮ್ಮಟ ಸುಮಾರು 981ರದ್ದು. ಗಂಗರ ಮಂತ್ರಿ ಚಾವುಂಡರಾಯ ಮಾಡಿಸಿದ್ದು. ಬೆಟ್ಟದ ಗಟ್ಟಿ ಕಲ್ಲನ್ನೇ ಕಡೆದು, ಮೈಮೇಲೆ ಒಂದು ಒಡವೆಯೂ ಇಲ್ಲದ ಹಾಗೆ ನಿಲ್ಲಿಸಿದ್ದಾರೆ. ಬೇಲೂರಿನ ಚೆನ್ನಕೇಶವ 1117ರಲ್ಲಿ ಪ್ರತಿಷ್ಠೆಯಾದದ್ದು. ಅಲ್ಲಿರುವುದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದು ಕಾಲ ಕಳೆದ ಹಾಗೆ ಗಟ್ಟಿಯಾಗುತ್ತದೆ. ಅದಕ್ಕೇ ಅಲ್ಲಿ ಬಳೆ, ಜಡೆ, ಸರದ ಒಂದೊಂದು ಮಣಿಯೂ ಕಾಣುವುದು. ಇನ್ನು ಹಳೇಬೀಡಿನಲ್ಲಿ ಅಕ್ಕಪಕ್ಕ ಎರಡು ಶಿವನ ಗುಡಿಗಳು. ಅದನ್ನು ಕಟ್ಟಿಸಲು ಮುಂದೆ ನಿಂತವನು ಕೇತಮಲ್ಲ ಎಂಬ ಅಧಿಕಾರಿ. ಬೇಲೂರಿನಲ್ಲಿ ತಲೆಯೆತ್ತಿ ಸೂರಿನ ಕೆಳಗಿನ ಮದನಿಕೆಯರನ್ನು, ಅಂದರೆ ಹೆಣ್ಣಿನ ಶಿಲ್ಪಗಳನ್ನು, ನೋಡಬೇಕು. ಹಳೇಬೀಡಿನಲ್ಲಿ ಕಣ್ಣೆದುರಿನ ಗೋಡೆಯೇ ಸಾಕು. ಕೈಲಾಸ ಎತ್ತುತ್ತಿರುವ ರಾವಣ, ಗೋವರ್ಧನ ಹಿಡಿದ ಕೃಷ್ಣ, ಚಕ್ರವ್ಯೂಹದೊಳಗಿನ ಅಭಿಮನ್ಯು, ಎಲ್ಲ ಅಲ್ಲೇ ಇದ್ದಾರೆ.

ಹಳೇಬೀಡಿನಲ್ಲಿ ಒಮ್ಮೆ ಒಂದು ಶಾಲಾ ಪ್ರವಾಸ ನೋಡಿದೆ. ಮಕ್ಕಳು ಸಾಲಾಗಿ ಗೋಡೆ ಪಕ್ಕ ನಡೆಯುತ್ತಿದ್ದವು. ಹಿಂದೆ ಒಬ್ಬರು ಸೀಟಿ ಊದುತ್ತಾ "ನಿಲ್ಲಬೇಡಿ, ನಿಲ್ಲಬೇಡಿ, ಇನ್ನೂ ಬೇಲೂರಿದೆ" ಅನ್ನುತ್ತಿದ್ದರು. ಒಬ್ಬ ಹುಡುಗಿ ಮಾತ್ರ ಕೆಳಗಿನ ಆನೆಸಾಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಯಾವ ಆನೆಯೂ ಇನ್ನೊಂದರ ಹಾಗಿಲ್ಲ ಅಂತ ಅವಳಿಗೆ ಹೊಳೆದಿತ್ತು. ಅದನ್ನು ಯಾರಿಗೋ ಹೇಳುವಷ್ಟರಲ್ಲಿ ಕೈ ಹಿಡಿದು ಎಳೆದುಕೊಂಡು ಹೋದರು. ಆ ಇಡೀ ಪ್ರವಾಸದಲ್ಲಿ ಪಾಠ ಕಲಿತವಳು ಅವಳೊಬ್ಬಳೇ. ಬೈಸಿಕೊಂಡವಳೂ ಅವಳೇ.

ನಿಮಗೆ ಬೇಲೂರಿನಲ್ಲಿ ಮುಖ್ಯವಾದದ್ದೇ ತಪ್ಪಿಹೋಗಿದೆ ಅನ್ನುವುದು ನನ್ನ ಹೊಟ್ಟೆಯುರಿ. ಅಲ್ಲಿ ಶಿಲ್ಪಿಗಳು ಸಹಿ ಹಾಕಿದ್ದಾರೆ. ವಿಗ್ರಹದ ಪೀಠದ ಮೇಲೆ, ಕನ್ನಡದಲ್ಲಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಬಳ್ಳಿಗಾವೆ ಅಂದರೆ ಈಗಿನ ಶಿಕಾರಿಪುರ ತಾಲ್ಲೂಕು. ಅಷ್ಟು ದೂರದಿಂದ ಅಪ್ಪ-ಮಗ ಉಳಿ ಸುತ್ತಿಗೆ ಕಟ್ಟಿಕೊಂಡು ಬಂದವರು. ಮದನಿಕೆಯರಲ್ಲಿ ನಾಲ್ಕರ ಮೇಲೆ ಅಪ್ಪನ ಹೆಸರಿದೆ, ಐದರ ಮೇಲೆ ಮಗನದ್ದು. ಮಗ ಒಂದು ಜಾಸ್ತಿ ಮಾಡಿದ್ದಕ್ಕೆ ಅಪ್ಪ ಹೆಮ್ಮೆ ಪಟ್ಟನೋ ಗೊಣಗಿದನೋ, ಅದನ್ನು ಯಾವ ಶಾಸನವೂ ಹೇಳುವುದಿಲ್ಲ ಬಿಡಿ. ಹೆಸರಿನ ಜೊತೆ ಎದುರಾಳಿ ಶಿಲ್ಪಿಗಳನ್ನು ಕೆಣಕುವಂಥ ಬಿರುದುಗಳನ್ನೂ ಕೆಲವರು ಕೆತ್ತಿಕೊಂಡಿದ್ದಾರೆ. ಎಂಥ ಧೈರ್ಯ ನೋಡಿ. ರಾಜ ಕಟ್ಟಿಸಿದ ದೇವರ ಗುಡಿ, ಅದರ ಮೇಲೆ "ಇದು ನನ್ನ ಕೆಲಸ" ಅಂತ ಕೂಲಿಗೆ ಬಂದವನು ಬರೆದುಕೊಳ್ಳುತ್ತಾನೆ. ಬೇಡ ಅಂತ ಯಾರೂ ಅಳಿಸಲಿಲ್ಲ.

ಒಬ್ಬ ಮದನಿಕೆಯ ತಲೆಯ ಮೇಲಿನ ಬಳ್ಳಿಯಲ್ಲಿ ಒಂದು ಹಣ್ಣಿದೆ. ಹಣ್ಣಿನ ಮೇಲೆ ನೊಣ. ಅದಕ್ಕೆ ಹೊಂಚು ಹಾಕಿದ ಹಲ್ಲಿ. ಅಷ್ಟು ಎತ್ತರದಲ್ಲಿ ಈ ನೊಣ ಯಾರಿಗೆ ಕಾಣಬೇಕು? ಮುಕ್ಕಾಲು ಗಂಟೆಯವರಿಗಂತೂ ಅಲ್ಲ.

ಈ ಸಹಿಗಳು ಹೊಸದಾಗಿ ಸಿಕ್ಕಿದವೂ ಅಲ್ಲ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯಲ್ಲಿದ್ದ ಆರ್. ನರಸಿಂಹಾಚಾರ್ ನೂರು ವರ್ಷದ ಹಿಂದೆಯೇ ಶಿಲ್ಪಿಗಳ ಹೆಸರನ್ನು ಪಟ್ಟಿ ಮಾಡಿ ಅಚ್ಚು ಹಾಕಿಸಿದ್ದರು. ಆದರೂ ಯಾರನ್ನು ಕೇಳಿದರೂ ಬೇಲೂರು ಕಟ್ಟಿದ್ದು ಯಾರು? ಜಕಣಾಚಾರಿ. ಅವನು ಕಡೆದ ಕಪ್ಪೆ ಚೆನ್ನಿಗರಾಯನ ವಿಗ್ರಹದ ಹೊಟ್ಟೆಯಲ್ಲಿ ಕಪ್ಪೆ ಸಿಕ್ಕಿತು, ಕಲ್ಲಲ್ಲಿ ದೋಷವಿದೆ ಅಂದಿದ್ದ ಮಗ ಡಂಕಣ ಗೆದ್ದ, ಅಪ್ಪ ಕೈ ಕತ್ತರಿಸಿಕೊಂಡ. ಕಥೆ ಚೆನ್ನಾಗಿದೆ, ನಾನೂ ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದವನೇ. ಆದರೆ ಬೇಲೂರಿನ ಯಾವ ಕಲ್ಲಿನ ಮೇಲೂ ಆ ಹೆಸರಿಲ್ಲ. ಸರ್ಕಾರ ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿಗೆ ಜಕಣಾಚಾರಿಯ ಹೆಸರಿದೆ. ದಾಸೋಜನ ಹೆಸರಿನ ಒಂದು ಬೀದಿಯನ್ನೂ ನಾನು ಕಂಡಿಲ್ಲ. ಕಥೆಯ ಅಪ್ಪ-ಮಗನಿಗೆ ಕಣ್ಣೀರು ಹಾಕುತ್ತೇವೆ, ಸಹಿ ಹಾಕಿ ಹೋದ ಅಪ್ಪ-ಮಗನ ಕೆಳಗೆ ಸೆಲ್ಫಿ ತೆಗೆದುಕೊಂಡು ಬರುತ್ತೇವೆ.

ಇದು ಬೇಲೂರಿನದ್ದೊಂದೇ ಕಥೆಯಲ್ಲ. ಹದಿಮೂರನೇ ಶತಮಾನದ ಸೋಮನಾಥಪುರದ ಗುಡಿಯಲ್ಲಿ ಮಲ್ಲಿತಮ್ಮ ಅನ್ನುವವನು ಮತ್ತೆ ಮತ್ತೆ ತನ್ನ ಹೆಸರು ಬರೆದಿದ್ದಾನೆ. ಎಷ್ಟು ಜನ ಮಕ್ಕಳಿಗೆ ಗೊತ್ತು? ಕನ್ನಡ ಕನ್ನಡ ಅಂತ ನವೆಂಬರ್ ಪೂರ್ತಿ ಮೈಕ್ ಹಿಡಿಯುವ ನಮಗೆ ಒಂದು ಸಾಲು ಹಳೆಯ ಕನ್ನಡ ಲಿಪಿ ಓದಲು ಬರುವುದಿಲ್ಲ. ಹೈಸ್ಕೂಲಿನಲ್ಲಿ ವರ್ಷಕ್ಕೆ ನಾಲ್ಕು ಪಿರಿಯಡ್ ಕೊಟ್ಟರೆ ಮಕ್ಕಳು ಒಂದೊಂದೇ ಅಕ್ಷರ ಗುರುತಿಸಿ ಒಂದು ಹೆಸರನ್ನಾದರೂ ಓದಿಯಾರು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿಗೆ ಸೇರಿದಾಗ ಎಲ್ಲರ ಸ್ಟೇಟಸ್ಸಿನಲ್ಲೂ ಫೋಟೋ. ಓದುವವರನ್ನು ತಯಾರು ಮಾಡುವ ಮಾತು ಯಾರೂ ಎತ್ತಲಿಲ್ಲ. ನೀವು ಮೇಷ್ಟ್ರು, ಆಗ ಇಂಥ ಪತ್ರ ಬರೆದಿದ್ದರೆ ಮುಖಪುಟಕ್ಕೇ ಹಾಕುತ್ತಿದ್ದೆ.

ಧ್ವನಿ-ಬೆಳಕಿನ ಬೇಡಿಕೆಗೆ ನನ್ನ ಸಹಿ ಸಿಗುವುದಿಲ್ಲ, ಕ್ಷಮಿಸಿ. ಬಣ್ಣದ ದೀಪ ಬಿಟ್ಟು ಸಿನಿಮಾ ದನಿಯಲ್ಲಿ ರಾಣಿ ಶಾಂತಲೆಯನ್ನು ಕರೆದರೆ ಜನ ದೀಪ ನೋಡುತ್ತಾರೆ, ಕಲ್ಲು ನೋಡುವುದಿಲ್ಲ. ಅದಕ್ಕಿಂತ ಊರಿನ ಒಬ್ಬ ಗೈಡ್‌ಗೆ ಕೇಳಿದಷ್ಟು ಕೊಡಿ, ಚೌಕಾಸಿ ಮಾಡಬೇಡಿ. "ರಾಜರ ಕಥೆ ಬೇಡ, ಸಹಿ ತೋರಿಸಿ" ಅಂತ ಮೊದಲೇ ಹೇಳಿ. ಮುಖ ಅರಳುತ್ತದೆ, ನೋಡಿ ಬೇಕಾದರೆ.

ಮುಂದಿನ ಸಲ ಬೆಳಗೊಳ ಬಿಡಿ, ಅದಕ್ಕೆ ಬೇರೆಯೇ ದಿನ ಇಡಿ. ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗಿ, ಬೇಲೂರಿನಲ್ಲಿ ರಾತ್ರಿ ಉಳಿಯಿರಿ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಒಳಗಿರಿ. ನವರಂಗದಲ್ಲಿ, ಅಂದರೆ ಗುಡಿಯೊಳಗಿನ ಕಂಬಗಳ ಮಂಟಪದಲ್ಲಿ, ಕತ್ತಲೆ ಜಾಸ್ತಿ. ಕಣ್ಣು ಹೊಂದಿಕೊಳ್ಳುವ ತನಕ ಸುಮ್ನೆ ಕೂತಿರಿ, ಆಮೇಲೆ ಕಂಬಗಳು ಬೇರೆ ಬೇರೆಯಾಗಿ ಕಾಣತೊಡಗುತ್ತವೆ. ಮಧ್ಯಾಹ್ನದ ಮೇಲೆ ಹಳೇಬೀಡು, ಬರೀ 16 ಕಿ.ಮೀ. ಅಲ್ಲಿ ದೊಡ್ಡ ಗುಡಿ ಮುಗಿಸಿ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಗೂ ಹೋಗಿ. ಟೂರಿನವರು ಅಲ್ಲಿ ನಿಲ್ಲಿಸುವುದು ಕಡಿಮೆ. ಒಳಗಿನ ಕಂಬಗಳು ಎಷ್ಟು ನುಣುಪಾಗಿವೆ ಅಂದರೆ ಮೊಮ್ಮಕ್ಕಳು ಅದರಲ್ಲಿ ಮುಖ ನೋಡಿಕೊಳ್ಳುತ್ತವೆ. ಕಾಲು ಸುಡುವುದಕ್ಕೆ ಮದ್ದು ಕಾಲುಚೀಲ. ದಪ್ಪನೆಯವು ನಾಲ್ಕು ಜೊತೆ ಬ್ಯಾಗಿಗೆ ಹಾಕಿಕೊಳ್ಳಿ.

- ಸಂ.